ರಸ್ತೆ ಅಪಘಾತದ ಗಾಯಕ್ಕೆ ಪರಿಹಾರ: ಲೆಕ್ಕ ಕಟ್ಟುವುದು ಹೇಗೆ, ರಾಜಿಗೆ ಒಪ್ಪುವುದು ಯಾವಾಗ

ಅಪಘಾತದಲ್ಲಿ ಗಾಯವಾದವರ ಪರಿಹಾರ ಐದು ಅಂಕಿಗಳ ಮೇಲೆ ನಿಂತಿದೆ: ವಯಸ್ಸು, ತಿಂಗಳ ಆದಾಯ, ಅಂಗವೈಕಲ್ಯದ ಶೇಕಡಾ ಪ್ರಮಾಣ, ಚಿಕಿತ್ಸೆಯ ಖರ್ಚು, ಅಪಘಾತದಲ್ಲಿ ನಿಮ್ಮ ತಪ್ಪಿನ ಪಾಲು. ಉಳಿದದ್ದೆಲ್ಲ ಗುಣಾಕಾರ, ಭಾಗಾಕಾರ. ವಿಮಾ ಕಂಪನಿಯವರು ಒಂದು ಮೊತ್ತ ಮುಂದಿಟ್ಟು ‘ಒಪ್ಪಿಕೊಳ್ಳಿ’ ಎಂದಾಗ ಅದು ಕಡಿಮೆಯೋ ಸರಿಯೋ ಎಂದು ತಲೆ ಕೆಡಿಸಿಕೊಳ್ಳುವ ಬದಲು ಈ ಐದರಲ್ಲಿ ಯಾವುದನ್ನು ಇಳಿಸಿದ್ದಾರೆ ಎಂದು ನೋಡಬೇಕು. ಅದನ್ನು ನೋಡುವ ಬಗೆ ಇಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆ ಮತ್ತು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಗಳೇ ಇದಕ್ಕೆ ಆಧಾರ.

ಮೊದಲ ಹೆಜ್ಜೆ: ಆಸ್ಪತ್ರೆಯ ಮೊದಲ ಸಾಲು

ಕೇಸು ಗೆಲ್ಲುವುದೂ ಸೋಲುವುದೂ ಅನೇಕ ಸಲ ತುರ್ತು ಚಿಕಿತ್ಸಾ ಘಟಕದಲ್ಲೇ ತೀರ್ಮಾನವಾಗಿರುತ್ತದೆ. ಗಾಯಾಳುವನ್ನು ಕರೆತಂದವರು ಗಾಬರಿಯಲ್ಲಿ ‘ಬೈಕಿನಿಂದ ಬಿದ್ದರು’ ಎನ್ನುತ್ತಾರೆ. ಡ್ಯೂಟಿ ಡಾಕ್ಟರು ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸರಿಗೂ ತಿಳಿಸಬೇಕಾದ ಗಾಯಗಳ ಆಸ್ಪತ್ರೆ ದಾಖಲೆ) ‘ತಾನಾಗಿ ಬಿದ್ದು ಗಾಯ’ ಎಂದು ಬರೆದುಕೊಳ್ಳುತ್ತಾರೆ. ಎದುರಿನಿಂದ ಕಾರು ಬಂದು ಗುದ್ದಿದ್ದು ಅಲ್ಲಿ ದಾಖಲಾಗುವುದೇ ಇಲ್ಲ. ಒಂದೂವರೆ ವರ್ಷದ ನಂತರ ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಆ ಒಂದು ಸಾಲನ್ನೇ ಓದಿಸುತ್ತಾರೆ, ಕಾರಿನ ನಂಬರನ್ನು ಆಮೇಲೆ ಸೇರಿಸಿದ್ದೆಂದು ವಾದಿಸುತ್ತಾರೆ. ಹಾಗಾಗಿ ಯಾವ ವಾಹನ ಗುದ್ದಿತು, ಎಲ್ಲಿ, ಎಷ್ಟು ಗಂಟೆಗೆ ಎಂಬ ಮೂರನ್ನೂ ಡಾಕ್ಟರಿಗೆ ಹೇಳಿ, ಅವರು ಬರೆದದ್ದನ್ನು ಓದಿ ನೋಡಿ. ತಪ್ಪಿದ್ದರೆ ಅಂದೇ ತಿದ್ದಿಸಿ.

ದೂರು ಕೊಡುವುದು ತಡವಾದರೆ ಕೇಸು ಬಿದ್ದುಹೋಗುವುದಿಲ್ಲ, ಆದರೆ ತಡವಾದ ಕಾರಣ ದೂರಿನಲ್ಲೇ ಇರಬೇಕು. ‘ಆಪರೇಷನ್ ಇತ್ತು, ಜೊತೆಗೆ ಬೇರೆ ಯಾರೂ ಇರಲಿಲ್ಲ’ ಎಂಬ ನಿಜವಾದ ಒಂದು ವಾಕ್ಯ ಸಾಕು. ಎಫ್‌ಐಆರ್‌ನಲ್ಲಿ ಸಾಮಾನ್ಯವಾಗಿ ಭಾರತೀಯ ನ್ಯಾಯ ಸಂಹಿತೆಯ ಕಲಂ 281 (ಅಜಾಗರೂಕ ಚಾಲನೆ) ಮತ್ತು 125 (ಇತರರ ಜೀವಕ್ಕೆ ಅಪಾಯ ತರುವುದು) ಕಾಣುತ್ತವೆ. ವಾಹನದ ನಂಬರಿನ ಪ್ರತಿ ಅಕ್ಷರ, ಗಾಯಾಳುವಿನ ಹೆಸರು, ತಂದೆಯ ಹೆಸರು ಆಧಾರ್‌ಗೆ ಹೊಂದುತ್ತವೆಯೇ ನೋಡಿಕೊಳ್ಳಿ. ಹೆಸರಿನ ವ್ಯತ್ಯಾಸ ಸಣ್ಣದೆನಿಸುತ್ತದೆ, ಆದರೆ ದುಡ್ಡು ಬ್ಯಾಂಕಿಗೆ ಬರುವ ಹೊತ್ತಿಗೆ ಅದೇ ಕಾಟ ಕೊಡುತ್ತದೆ.

ಪೊಲೀಸರು ಸಹ ಈಗ ಕಾಲಮಿತಿಯಲ್ಲಿ ಕೆಲಸ ಮಾಡಬೇಕು. 2022ರ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಈ ವರದಿಯನ್ನೇ ಅರ್ಜಿ ಎಂದು ಪರಿಗಣಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಹಾಗೆಂದು ಅದನ್ನೇ ನಂಬಿ ಕೂರಬೇಡಿ. ನಿಮ್ಮ ಆದಾಯದ ದಾಖಲೆ, ಮುಂದಿನ ಆಪರೇಷನ್ನಿನ ಅಂದಾಜು ಅದರಲ್ಲಿ ತಾನಾಗಿ ಬಂದು ಸೇರುವುದಿಲ್ಲ.

ಚಿಕಿತ್ಸೆಯ ಹೊರೆ ಇಳಿಸಲು ಕೇಂದ್ರದ ನಗದುರಹಿತ ಯೋಜನೆ 2025ರ ಮೇ ತಿಂಗಳಿಂದ ಇದೆ: ಅಪಘಾತವಾದ ದಿನದಿಂದ 7 ದಿನಗಳವರೆಗೆ, ₹1.5 ಲಕ್ಷದವರೆಗೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ. ದಾಖಲಾಗುವಾಗಲೇ ಕೇಳಿ.

ಎರಡನೇ ಹೆಜ್ಜೆ: ಯಾರ ಮೇಲೆ ಕ್ಲೇಮು?

ಗುದ್ದಿದ ವಾಹನದ ವಿಮೆ ಅಪಘಾತದ ದಿನ ಚಾಲ್ತಿಯಲ್ಲಿತ್ತೇ? ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ವಿಮೆಯ ಅವಧಿ ಕಾಣುತ್ತದೆ. ಇದ್ದರೆ ಮಾಲೀಕ ಮತ್ತು ವಿಮಾ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಚಾಲಕನ ಬಳಿ ಲೈಸೆನ್ಸ್ ಇಲ್ಲದಿದ್ದರೆ ಕಂಪನಿ ಕೈ ತೊಳೆದುಕೊಳ್ಳಲು ನೋಡುತ್ತದೆ. ಇಂಥ ಪ್ರಕರಣಗಳಲ್ಲಿ ಮೊದಲು ಕಂಪನಿಯೇ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುವುದುಂಟು.

ಹಿಂಬದಿ ಸವಾರರು ಮತ್ತು ಖಾಸಗಿ ಕಾರಿನ ಪ್ರಯಾಣಿಕರು ಒಂದು ವಿಷಯ ಗಮನಿಸಬೇಕು. ತಾವು ಕೂತ ವಾಹನದ ಚಾಲಕನದೇ ತಪ್ಪಿದ್ದು, ಅದಕ್ಕೆ ಬರೀ ಕಾಯ್ದೆಗೆ ಬೇಕಾದಷ್ಟೇ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಂಪನಿಯ ಹೊಣೆ ಬರದೆ ಹೋಗಬಹುದು. ಪ್ಯಾಕೇಜ್ (ಸಮಗ್ರ) ಪಾಲಿಸಿ ಇದ್ದರೆ ಬರುತ್ತದೆ. ಪಾಲಿಸಿಯ ಮೊದಲ ಪುಟದಲ್ಲೇ ಇದು ಗೊತ್ತಾಗುತ್ತದೆ. ಇನ್ನು ವಾಹನ ನಿಮ್ಮದೇ, ಓಡಿಸಿದ್ದೂ ನೀವೇ, ತಪ್ಪೂ ನಿಮ್ಮದೇ ಎಂದಾದರೆ ನ್ಯಾಯಮಂಡಳಿಯ ದಾರಿ ಮುಚ್ಚಿದಂತೆ. ₹15 ಲಕ್ಷದ ಮಾಲೀಕ-ಚಾಲಕ ವೈಯಕ್ತಿಕ ಅಪಘಾತ ವಿಮೆ ತೆಗೆದುಕೊಂಡಿದ್ದರೆ ಅದನ್ನು ಕೇಳಬೇಕು. ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ ಅದರಲ್ಲಿ ಅರ್ಧ ಸಿಗುತ್ತದೆ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 2022ರ ಹಿಟ್ ಆ್ಯಂಡ್ ರನ್ ಯೋಜನೆಯಡಿ ತೀವ್ರ ಗಾಯಕ್ಕೆ ₹50,000, ಸಾವಿಗೆ ₹2 ಲಕ್ಷ. ಅರ್ಜಿ ಹೋಗಬೇಕಾದ್ದು ಅಪಘಾತ ನಡೆದ ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗೆ, ಅಂದರೆ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ.

ಮೂರನೇ ಹೆಜ್ಜೆ: ಕಲಂ 164 ಅಥವಾ 166

ಮೋಟಾರು ವಾಹನ ಕಾಯ್ದೆಯ ಕಲಂ 164ರಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡುವ ತಾಪತ್ರಯವಿಲ್ಲ. ತೀವ್ರ ಗಾಯಕ್ಕೆ ₹2.5 ಲಕ್ಷ, ಸಾವಿಗೆ ₹5 ಲಕ್ಷ, ಅಷ್ಟೇ. ಕಲಂ 166ರಲ್ಲಿ ಎದುರಿನ ಚಾಲಕನ ನಿರ್ಲಕ್ಷ್ಯ ಸಾಬೀತಾಗಬೇಕು, ಆದರೆ ಮೊತ್ತಕ್ಕೆ ಮಿತಿ ಇಲ್ಲ. ಇಲ್ಲೊಂದು ಬಲೆಯಿದೆ. 164ರ ಹಣವನ್ನು ಕಲಂ 149ರ ರಾಜಿ ವಿಧಾನದಂತೆ (ಏಳನೇ ಹೆಜ್ಜೆ ನೋಡಿ) ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೇ ರದ್ದಾಗುತ್ತದೆ. ತೊಡೆಮೂಳೆ ಮುರಿದು ರಾಡ್ ಹಾಕಿಸಿಕೊಂಡು, ತಿಂಗಳಾದ ಮೇಲೂ ನಡೆಯಲಾಗದವರು ಆ ₹2.5 ಲಕ್ಷಕ್ಕೆ ಸಹಿ ಹಾಕಿದರೆ ಎಷ್ಟು ಕಳೆದುಕೊಳ್ಳಬಹುದು ಎಂಬುದು ಕೆಳಗಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

166ರ ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಅವಧಿ ಅಪಘಾತದ ದಿನದಿಂದ ಆರು ತಿಂಗಳು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಅದೇನೇ ಇರಲಿ, ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಚಿಕಿತ್ಸೆ ಮುಗಿದಿಲ್ಲ ಎಂಬುದು ಅರ್ಜಿ ತಡಮಾಡಲು ಕಾರಣವಾಗಬಾರದು. ಆದರೆ ರಾಜಿ ತಡಮಾಡಲು ಅದಕ್ಕಿಂತ ಒಳ್ಳೆಯ ಕಾರಣ ಇಲ್ಲ.

ವಕೀಲರ ಫೀಸಿನ ಬಗ್ಗೆ ಒಂದು ಮಾತು. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಗೊತ್ತು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಫೀಸು ಎಷ್ಟೆಂದು ಮೊದಲೇ ಮಾತಾಡಿ, ರಸೀದಿ ಕೇಳಿ, ಖಾಲಿ ಹಾಳೆಗೂ ಖಾಲಿ ಚೆಕ್ಕಿಗೂ ಸಹಿ ಹಾಕಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ನಾಲ್ಕನೇ ಹೆಜ್ಜೆ: ಐದು ಅಂಕಿಗೂ ಕಾಗದ ಹೊಂದಿಸುವುದು

ವಯಸ್ಸಿಗೆ ಶಾಲೆಯ ವರ್ಗಾವಣೆ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಡಿ. ಆಧಾರ್ ಗುರುತಿನ ಚೀಟಿಯೇ ಹೊರತು ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಹೇಳಿದೆ. 35ಕ್ಕೂ 36ಕ್ಕೂ ಗುಣಕವೇ (ವರ್ಷದ ಆದಾಯವನ್ನು ಗುಣಿಸುವ ಅಂಕಿ) ಬೇರೆ, ಹಾಗಾಗಿ ಒಂದು ವರ್ಷದ ವ್ಯತ್ಯಾಸವೂ ಸಾವಿರಗಳಲ್ಲಿ ಲೆಕ್ಕಕ್ಕೆ ಬರುತ್ತದೆ.

ಸಂಬಳದವರ ಆದಾಯಕ್ಕೆ ಸಂಬಳದ ಚೀಟಿ, ಫಾರಂ 16, ಬ್ಯಾಂಕ್ ಸ್ಟೇಟ್‌ಮೆಂಟ್ ಇವೆ. ಗಾರೆ ಕೆಲಸದವರು, ತರಕಾರಿ ಮಾರುವವರು, ಮನೆಗೆಲಸದವರಿಗೆ ಇವು ಇರುವುದಿಲ್ಲ. ಆಗ ನ್ಯಾಯಮಂಡಳಿ ಅಂದಾಜು ಆದಾಯ ಹಿಡಿಯುತ್ತದೆ. ಕರ್ನಾಟಕದಲ್ಲಿ ಲೋಕ ಅದಾಲತ್ತಿಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಅಪಘಾತದ ವರ್ಷವಾರು ಅಂದಾಜು ಆದಾಯದ ಪಟ್ಟಿ ಮಾಡಿದೆ. ಹೈಕೋರ್ಟ್ ಕೂಡ ಅದನ್ನು ಎಷ್ಟೋ ತೀರ್ಪುಗಳಲ್ಲಿ ಅನುಸರಿಸಿದೆ. ನಿಮ್ಮ ಅಪಘಾತದ ವರ್ಷಕ್ಕೆ ಅದರಲ್ಲಿ ಎಷ್ಟಿದೆ ಎಂದು ವಕೀಲರನ್ನು ಕೇಳಿ. ಕಂಪನಿ ಅದಕ್ಕಿಂತ ಕಡಿಮೆ ಹಿಡಿದಿದ್ದರೆ ಮಾತುಕತೆ ಅಲ್ಲಿಂದಲೇ ಶುರುವಾಗಲಿ. ಗೃಹಿಣಿಗೂ ಆದಾಯ ಹಿಡಿಯಬೇಕು, ‘ಏನೂ ಸಂಪಾದನೆ ಇಲ್ಲ’ ಎಂಬ ವಾದ ಈಗ ನಡೆಯುವುದಿಲ್ಲ.

ಬಿಲ್ಲುಗಳ ಮೂಲ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ವೈದ್ಯರ ಚೀಟಿ ಹೊಂದಿಸಿಡಿ. ಚೀಟಿ ಇಲ್ಲದ ಔಷಧಿ ಬಿಲ್ಲು, ಹೆಸರಿಲ್ಲದ ಬಿಲ್ಲು, ಡಿಸ್ಚಾರ್ಜ್ ಆದ ಮೇಲಿನ ತಾರೀಖಿನ ವಾರ್ಡ್ ಬಿಲ್ಲು, ಇವೆಲ್ಲ ಕತ್ತರಿಗೆ ಮೊದಲು ಸಿಗುವವು. ಮೆಡಿಕ್ಲೇಮಿನಿಂದ ಬಂದ ಹಣವನ್ನು ಕಳೆಯಬೇಕೇ ಬೇಡವೇ ಎಂಬುದರಲ್ಲಿ ಹೈಕೋರ್ಟುಗಳು ಒಂದೇ ಮಾತು ಹೇಳಿಲ್ಲ. ಎಷ್ಟು ಬಂದಿದೆ ಎಂದು ಮುಚ್ಚಿಡಬೇಡಿ, ಕಂಪನಿಯವರು ಆಸ್ಪತ್ರೆಯಿಂದಲೇ ತರಿಸಿಕೊಳ್ಳುತ್ತಾರೆ.

ಐದನೇ ಹೆಜ್ಜೆ: ಅಂಗವೈಕಲ್ಯ, ಇಡೀ ಲೆಕ್ಕದ ಕೇಂದ್ರ

ಇಲ್ಲಿ ಮೂರು ಬೇರೆ ಬೇರೆ ಅಂಕಿಗಳಿವೆ, ಜನ ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೂಳೆ ಡಾಕ್ಟರು ಮೊದಲು ಆ ಅಂಗದ ವೈಕಲ್ಯ ಹೇಳುತ್ತಾರೆ: ‘ಬಲಗಾಲಿಗೆ 36%’. ಅದನ್ನು ಇಡೀ ದೇಹಕ್ಕೆ ಇಳಿಸಿದಾಗ, ನಮ್ಮ ನ್ಯಾಯಮಂಡಳಿಗಳ ವಾಡಿಕೆಯಲ್ಲಿ ಸುಮಾರು ಮೂರನೇ ಒಂದು ಭಾಗ, ಅಂದರೆ 12% ಆಗುತ್ತದೆ. ಮೂರನೆಯದು ದುಡಿಮೆಯ ಸಾಮರ್ಥ್ಯ ಎಷ್ಟು ಕುಗ್ಗಿತು ಎಂಬುದು. ಪರಿಹಾರ ನಿಲ್ಲುವುದು ಈ ಮೂರನೆಯದರ ಮೇಲೆ, ಮತ್ತು ಅದನ್ನು ನಿರ್ಧರಿಸುವುದು ಡಾಕ್ಟರಲ್ಲ, ನ್ಯಾಯಮಂಡಳಿ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಕೈ ಕಳೆದುಕೊಂಡ ಬಡಗಿಗೆ ದುಡಿಮೆಯ ನಷ್ಟ 100%ರ ಹತ್ತಿರ ಹೋಗಬಹುದು. ಅದೇ ಗಾಯವಾದ ಸರ್ಕಾರಿ ಗುಮಾಸ್ತ ಅದೇ ಸಂಬಳದಲ್ಲಿ ಮುಂದುವರಿದರೆ ಮುಂದಿನ ಆದಾಯದ ನಷ್ಟವೇ ಇಲ್ಲ, ಬದಲಿಗೆ ಜೀವನದ ಸುಖ-ಸೌಕರ್ಯ ಕಳೆದುಕೊಂಡದ್ದಕ್ಕೆ ಹೆಚ್ಚು ಕೊಡಬೇಕಾಗುತ್ತದೆ.

ಆದ್ದರಿಂದ ‘12%’ ಎಂಬ ಕಾಗದ ಹಿಡಿದು ಕೂರುವುದು ಸಾಲದು. ಸಾಕ್ಷ್ಯದಲ್ಲಿ ಕೆಲಸದ ವಿವರ ಬರಬೇಕು: ಕುಕ್ಕರಗಾಲಲ್ಲಿ ಕೂರಲಾಗದು, ಏಣಿ ಹತ್ತಲಾಗದು, ಒಂದು ಮೂಟೆ ಸಿಮೆಂಟ್ ಎತ್ತಲಾಗದು, ಮೊಣಕಾಲು ಇಷ್ಟೇ ಡಿಗ್ರಿ ಮಡಚುತ್ತದೆ. ಡಾಕ್ಟರನ್ನು ನ್ಯಾಯಮಂಡಳಿಗೆ ಕರೆಸಿ ಇದನ್ನು ಅವರ ಬಾಯಿಂದ ಹೇಳಿಸಬೇಕು. ಚಿಕಿತ್ಸೆ ಕೊಟ್ಟ ಡಾಕ್ಟರೇ ಆದರೆ ಒಳ್ಳೆಯದು. ಒಂದೇ ಒಂದು ಸಲ ನೋಡಿ ಪ್ರಮಾಣಪತ್ರ ಕೊಟ್ಟವರ ಮಾತಿಗೆ ತೂಕ ಕಡಿಮೆ. ಈಚಿನ ಎಕ್ಸ್‌ರೇ ಜೊತೆಗಿರಲಿ.

ಯಾವಾಗ ಅಳೆಸಬೇಕು? ಮೂಳೆ ಕೂಡಿ, ಫಿಸಿಯೋಥೆರಪಿ ಮುಗಿದು, ಇನ್ನು ಸುಧಾರಿಸುವುದಿಲ್ಲ ಎಂಬ ಹಂತಕ್ಕೆ ಬಂದ ಮೇಲೆ. ಅದಕ್ಕಿಂತ ಮೊದಲು ಅಳೆಸಿದರೆ ‘ಇದು ತಾತ್ಕಾಲಿಕ’ ಎಂದು ಕಂಪನಿ ತಳ್ಳಿಹಾಕುತ್ತದೆ. ಅಥವಾ ಮೂಳೆ ಕೂಡದೆ ಎರಡನೇ ಆಪರೇಷನ್ ಆಗಿ ನಿಜವಾದ ವೈಕಲ್ಯ ಇನ್ನೂ ಹೆಚ್ಚಾಗಿರುತ್ತದೆ.

ಆರನೇ ಹೆಜ್ಜೆ: ಲೆಕ್ಕ ಕಟ್ಟುವುದು

ಗುಣಕಗಳನ್ನು 2009ರ ಸರಳಾ ವರ್ಮಾ ತೀರ್ಪು ನಿಗದಿ ಮಾಡಿದೆ. ವಯಸ್ಸು 15ರಿಂದ 25ಕ್ಕೆ 18, 26–30ಕ್ಕೆ 17, 31–35ಕ್ಕೆ 16, 36–40ಕ್ಕೆ 15, 41–45ಕ್ಕೆ 14, 46–50ಕ್ಕೆ 13, 51–55ಕ್ಕೆ 11, 56–60ಕ್ಕೆ 9, 61–65ಕ್ಕೆ 7, ಅದರ ಮೇಲೆ 5. ಆದಾಯ ಮುಂದೆ ಏರುತ್ತಿತ್ತು ಎಂಬ ಲೆಕ್ಕಕ್ಕೆ 2017ರ ಪ್ರಣಯ್ ಸೇಥಿ ತೀರ್ಪು ಸ್ವಂತ ಉದ್ಯೋಗಿಗಳಿಗೆ ಮತ್ತು ನಿಗದಿತ ಸಂಬಳದವರಿಗೆ 40ರ ಒಳಗಿದ್ದರೆ 40%, 40–50ಕ್ಕೆ 25%, 50–60ಕ್ಕೆ 10% ಸೇರಿಸುತ್ತದೆ. ಕಾಯಂ ನೌಕರರಿಗೆ ಇದು 50%, 30%, 15%. ಇದು ಸಾವಿನ ಪ್ರಕರಣಕ್ಕೆ ಮಾತ್ರ ಎಂಬ ವಾದ ಈಗಲೂ ಕೇಳಿಬರುತ್ತದೆ. ಶಾಶ್ವತ ವೈಕಲ್ಯದ ಗಾಯಕ್ಕೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿಯಾಗಿದೆ. ಇನ್ನೊಂದು, ಸಾವಿನ ಪ್ರಕರಣದಲ್ಲಿ ಸ್ವಂತ ಖರ್ಚಿಗೆಂದು ಆದಾಯದಲ್ಲಿ ಒಂದು ಪಾಲು ಕಳೆಯುತ್ತಾರೆ. ಗಾಯದ ಪ್ರಕರಣದಲ್ಲಿ ಆ ಕಳೆಯುವಿಕೆ ಇಲ್ಲ. ಕಂಪನಿಯ ಲೆಕ್ಕದ ಹಾಳೆಯಲ್ಲಿ ಅದು ನುಸುಳಿದೆಯೇ ನೋಡಿ.

ಈಗ ಒಂದು ಕಲ್ಪಿತ ಉದಾಹರಣೆ. ವಯಸ್ಸು 34, ಗಾರೆ ಕೆಲಸ, ತಿಂಗಳಿಗೆ ₹15,000, ತೊಡೆಮೂಳೆ ಮುರಿತ, ದುಡಿಮೆಯ ನಷ್ಟ 12% ಎಂದಿಟ್ಟುಕೊಳ್ಳಿ. 15,000ಕ್ಕೆ 40% ಸೇರಿಸಿದರೆ 21,000. ವರ್ಷಕ್ಕೆ 2,52,000. ಗುಣಕ 16ರಿಂದ ಗುಣಿಸಿದರೆ 40,32,000. ಅದರ 12% ಎಂದರೆ ₹4,83,840. ಮುಂದಿನ ಏರಿಕೆಯ 40% ಬಿಟ್ಟರೆ ಇದೇ ₹3,45,600ಕ್ಕೆ ಇಳಿಯುತ್ತದೆ. ಒಂದೇ ಸಾಲು ಬಿಟ್ಟದ್ದಕ್ಕೆ ₹1,38,240 ಖೋತಾ. ಗಾರೆ ಕೆಲಸಕ್ಕೆ ಕಾಲು ಎಷ್ಟು ಮುಖ್ಯ ಎಂದು ಸಾಕ್ಷ್ಯದಲ್ಲಿ ತೋರಿಸಿ ನಷ್ಟ 20% ಎಂದು ಒಪ್ಪಿಸಿದರೆ ಇದು ₹8,06,400ಕ್ಕೆ ಏರುತ್ತದೆ.

12%ನ್ನೇ ಇಟ್ಟುಕೊಂಡು ಉಳಿದವನ್ನು ಸೇರಿಸೋಣ. ಆಸ್ಪತ್ರೆ, ಔಷಧಿ ₹1,42,000. ಓಡಾಟ, ಪೌಷ್ಟಿಕ ಆಹಾರ, ನೋಡಿಕೊಳ್ಳುವವರ ಖರ್ಚು ₹30,000. ಕೆಲಸವಿಲ್ಲದ ಮೂರು ತಿಂಗಳು ₹45,000. ನೋವು-ಸಂಕಟಕ್ಕೆ ₹50,000, ಸುಖ-ಸೌಕರ್ಯದ ನಷ್ಟಕ್ಕೆ ₹40,000, ರಾಡ್ ತೆಗೆಸುವ ಆಪರೇಷನ್ನಿಗೆ ₹40,000. ಒಟ್ಟು ₹8,30,840. ಇವುಗಳಲ್ಲಿ ನೋವು ಮತ್ತು ಸೌಕರ್ಯದ ಮೊತ್ತಕ್ಕೆ ಸೂತ್ರವಿಲ್ಲ. ಎಷ್ಟು ಮುರಿತ, ಎಷ್ಟು ದಿನ ಒಳರೋಗಿ, ಎಷ್ಟು ಆಪರೇಷನ್ ಎಂಬುದರ ಮೇಲೆ ಹೋಗುತ್ತದೆ. ರಾಡ್ ತೆಗೆಸುವ ಖರ್ಚಿಗೆ ಡಾಕ್ಟರ ಲಿಖಿತ ಅಂದಾಜು ಬೇಕೇ ಬೇಕು. ಶಾಶ್ವತವಾಗಿ ಹಾಸಿಗೆ ಹಿಡಿದವರಿಗೆ ನೋಡಿಕೊಳ್ಳುವವರ ಖರ್ಚನ್ನೂ ಗುಣಕ ಹಾಕಿಯೇ ಲೆಕ್ಕ ಮಾಡಬೇಕು ಎಂಬುದು 2020ರ ಇನ್ನೊಂದು ತೀರ್ಪು. ಅಂಥ ಪ್ರಕರಣದಲ್ಲಿ ಇಡಿಗಂಟು ಒಪ್ಪಿಕೊಳ್ಳುವುದು ದೊಡ್ಡ ನಷ್ಟ.

ಇದರ ಮೇಲೆ ಬಡ್ಡಿ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಅರ್ಜಿಯ ದಿನದಿಂದ ವಾರ್ಷಿಕ 6%, ಮುಂದಿನ ಚಿಕಿತ್ಸೆಯ ಮೊತ್ತವನ್ನು ಬಿಟ್ಟು. ಎರಡು ವರ್ಷಕ್ಕೆ ನಮ್ಮ ಉದಾಹರಣೆಯಲ್ಲಿ ₹7,90,840ರ ಮೇಲೆ ಸುಮಾರು ₹94,900.

ತಪ್ಪಿನ ಪಾಲು

ಗಾಯಾಳುವಿನದೂ 25% ತಪ್ಪು ಎಂದಾದರೆ ಇಡೀ ₹8,30,840ರಲ್ಲಿ ಕಾಲು ಭಾಗ ಹೋಗಿ ₹6,23,130 ಉಳಿಯುತ್ತದೆ. ಹಾಗಾಗಿಯೇ ಕಂಪನಿಗೆ ಇದು ಅಚ್ಚುಮೆಚ್ಚಿನ ವಾದ. ಆದರೆ ನಿಯಮ ಮುರಿದದ್ದೆಲ್ಲ ಅಪಘಾತಕ್ಕೆ ಕಾರಣವಾಗುವುದಿಲ್ಲ. ಬೈಕಿನಲ್ಲಿ ಮೂವರಿದ್ದರು ಎಂಬುದೊಂದೇ ಸಾಲದು, ಅದರಿಂದಲೇ ಅಪಘಾತವಾಯಿತು ಅಥವಾ ಗಾಯ ಹೆಚ್ಚಾಯಿತು ಎಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಗಾಯಾಳುವಿಗೆ ಲೈಸೆನ್ಸ್ ಇರಲಿಲ್ಲ ಎಂಬುದಕ್ಕೂ ಇದೇ ಉತ್ತರ. ಸ್ಥಳ ಮಹಜರಿನ ನಕ್ಷೆ ಇಲ್ಲಿ ನಿರ್ಣಾಯಕ: ರಸ್ತೆಯ ಅಗಲ, ಗುದ್ದಿದ ಜಾಗ ಯಾರ ಎಡಭಾಗದಲ್ಲಿದೆ, ಬ್ರೇಕಿನ ಗುರುತು. ನಕ್ಷೆ ತಪ್ಪಿದ್ದರೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಠಾಣೆಗೆ ಲಿಖಿತ ಆಕ್ಷೇಪ ಕೊಡಿ. ಎರಡು ವಾಹನಗಳ ತಪ್ಪಿನಿಂದ ಮೂರನೆಯವರಿಗೆ, ಉದಾಹರಣೆಗೆ ಬಸ್ಸಿನ ಪ್ರಯಾಣಿಕರಿಗೆ ಗಾಯವಾದರೆ, ಅವರು ಪೂರ್ತಿ ಪರಿಹಾರವನ್ನು ಎರಡರಲ್ಲಿ ಯಾರಿಂದ ಬೇಕಾದರೂ ಪಡೆಯಬಹುದು.

ಏಳನೇ ಹೆಜ್ಜೆ: ರಾಜಿ

ರಾಜಿಗೆ ಎರಡು ಬಾಗಿಲು. ಒಂದು ಕಲಂ 149: ಕಂಪನಿಯ ನಿಯೋಜಿತ ಅಧಿಕಾರಿ 30 ದಿನದೊಳಗೆ ಮೊತ್ತ ಮುಂದಿಡಬೇಕು. ಒಪ್ಪಿದರೆ ನ್ಯಾಯಮಂಡಳಿ ದಾಖಲಿಸುತ್ತದೆ, ಅಲ್ಲಿಂದ 30 ದಿನದೊಳಗೆ ಹಣ ಬರಬೇಕು. ಒಪ್ಪದಿದ್ದರೆ ಕೇಸು ವಿಚಾರಣೆಗೆ ಹೋಗುತ್ತದೆ. ತರಚು ಗಾಯ, ಸರಳವಾಗಿ ಕೂಡಿದ ಮುರಿತಕ್ಕೆ ಈ ದಾರಿ ಚೆನ್ನಾಗಿದೆ. ಮೂಳೆ ಇನ್ನೂ ಕೂಡದವರಿಗೆ ಇದು ತೀರಾ ಬೇಗ.

ಎರಡನೆಯದು ಲೋಕ ಅದಾಲತ್. ಇಲ್ಲಿ ನೆನಪಿಡಬೇಕಾದ್ದು, ಅದಾಲತ್ತಿನ ರಾಜಿ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಸಹಿ ಹಾಕುವ ಮೊದಲು ಜಂಟಿ ಮೆಮೊದಲ್ಲಿ (ಎರಡೂ ಕಡೆಯವರು ಸಹಿ ಹಾಕುವ ರಾಜಿ ಪತ್ರ) ಇವನ್ನು ಓದಿ: ಮೊತ್ತ ‘ಬಡ್ಡಿ, ಖರ್ಚು ಎಲ್ಲ ಸೇರಿ’ ಎಂದಿದೆಯೇ? ಎಷ್ಟು ವಾರದಲ್ಲಿ ಕಟ್ಟಬೇಕು? ಕಟ್ಟದಿದ್ದರೆ ಯಾವ ದರದ ಬಡ್ಡಿ? ಮಧ್ಯೆ ಈಗಾಗಲೇ ಬಂದ ಹಣ ಕಳೆಯುತ್ತಾರೆಯೇ? ಕಟ್ಟದಿದ್ದರೆ ಬಡ್ಡಿ ಎಂಬ ಷರತ್ತು ಇಲ್ಲದ ಮೆಮೊ ತಿಂಗಳುಗಟ್ಟಲೆ ಅಲೆಸುತ್ತದೆ.

ಎಷ್ಟಕ್ಕೆ ಒಪ್ಪಬಹುದು? ನಿಮ್ಮ ಲೆಕ್ಕವನ್ನು ಎರಡು ಸಲ ಕಟ್ಟಿ. ಒಂದು, ಐದೂ ಅಂಕಿ ನಿಮ್ಮ ಪರ. ಇನ್ನೊಂದು, ಕಾಗದ ದುರ್ಬಲವಾಗಿರುವ ಅಂಕಿಗಳನ್ನು ಕಂಪನಿ ಹೇಳಿದಂತೆ ಇಳಿಸಿ. ಅವರು ಕೊಡುವುದು ಎರಡನೆಯದಕ್ಕಿಂತ ಕಡಿಮೆಯಿದ್ದರೆ ರಾಜಿಯಿಂದ ಲಾಭವೇ ಇಲ್ಲ, ವಿಚಾರಣೆ ನಡೆಯಲಿ. ಎರಡರ ನಡುವೆ ಇದ್ದರೆ ಕಾಯುವ ವರ್ಷಗಳು, ಡಾಕ್ಟರನ್ನು ಕರೆಸುವ ಖರ್ಚು, ಕಂಪನಿ ಮೇಲ್ಮನವಿಗೆ ಹೋಗುವ ಸಾಧ್ಯತೆ ನೋಡಿ ತೀರ್ಮಾನಿಸಿ. ಎಫ್‌ಐಆರ್ ತಡವಾಗಿದ್ದು ಎಂಎಲ್‌ಸಿಯಲ್ಲಿ ‘ತಾನಾಗಿ ಬಿದ್ದು’ ಎಂದಿದ್ದರೆ ಕೆಳಗಿನ ಮೊತ್ತಕ್ಕೆ ಒಪ್ಪುವುದೂ ಜಾಣತನವೇ, ಏಕೆಂದರೆ ಅಲ್ಲಿ ಸೋತರೆ ಸಿಗುವುದು ಸೊನ್ನೆ.

ಎಂಟನೇ ಹೆಜ್ಜೆ: ಹಣ ಕೈಗೆ ಬರುವವರೆಗೆ

ತೀರ್ಪು ಬಂದ 30 ದಿನದೊಳಗೆ ಕಂಪನಿ ಹಣ ಕಟ್ಟಬೇಕು. ಮೊತ್ತದ ಒಂದು ಪಾಲನ್ನು ನ್ಯಾಯಮಂಡಳಿ ಠೇವಣಿಯಲ್ಲಿಡಲು ಹೇಳಬಹುದು. ಆಪರೇಷನ್ನಿಗೋ ಸಾಲ ತೀರಿಸಲಿಕ್ಕೋ ಮೊದಲೇ ಬೇಕಾದರೆ ಕಾರಣ ತೋರಿಸಿ ಅರ್ಜಿ ಹಾಕಿ. ಹಣವನ್ನು ನೇರವಾಗಿ ಗಾಯಾಳುವಿನ ಖಾತೆಗೇ ಜಮಾ ಮಾಡುವಂತೆ 2025ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ಹಾಗಾಗಿ ಸ್ವಂತ ಹೆಸರಿನ ಖಾತೆಯ ವಿವರವನ್ನು ನ್ಯಾಯಮಂಡಳಿಗೆ ಕೊಟ್ಟಿರಿ, ಬೇರೆಯವರ ಖಾತೆ ಬೇಡ.

ಮೊತ್ತ ಕಡಿಮೆ ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ವಿವಾದದ ಮೊತ್ತ ₹1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆಗದು. ಕಂಪನಿ ಕಟ್ಟದೆ ಸತಾಯಿಸಿದರೆ ಅದೇ ನ್ಯಾಯಮಂಡಳಿಯಲ್ಲಿ ಅಮಲ್ಜಾರಿ ಅರ್ಜಿ (ತೀರ್ಪನ್ನು ಜಾರಿ ಮಾಡಿಸುವ ಅರ್ಜಿ) ಹಾಕಿ, ಅಥವಾ ಕಲಂ 174ರಡಿ ಪ್ರಮಾಣಪತ್ರ ಕೇಳಿ. ಅದು ಜಿಲ್ಲಾಧಿಕಾರಿಗೆ ಹೋದರೆ ಬಾಕಿಯನ್ನು ಭೂಕಂದಾಯದ ಬಾಕಿಯಂತೆಯೇ ವಸೂಲು ಮಾಡುತ್ತಾರೆ.